'ಅಲ್ಲ' ಮತ್ತು 'ಇಲ್ಲ': ಫ್ರೆಂಚ್ ಕಲಿಯುವವರಿಗೆ ಒಂದು ಮಾತು



ಫ್ರೆಂಚ್ ಕಲಿಯುವ ಮಕ್ಕಳಿಗೆ ಕನ್ನಡದಿಂದ ಪ್ರಯೋಜನವಿಲ್ಲವೆಂದು ಅನೇಕ ಪಾಲಕರು ಭಾವಿಸಿದ್ದಾರೆ. ಪಾಠ ಇಂಗ್ಲಿಷಿನ ಮೂಲಕ ನಡೆಯುವುದೇ ಇದಕ್ಕೆ ಕಾರಣವಿರಬಹುದು. ಆದರೆ ನಿಷೇಧವಾಕ್ಯಗಳ ವಿಷಯದಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಒಳ್ಳೆಯ ಊರುಗೋಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

'ನನ್ನ ಬಳಿ ಪುಸ್ತಕವಿಲ್ಲ' ಎಂಬುದಕ್ಕೆ ಫ್ರೆಂಚಿನಲ್ಲಿ 'ಜ ನೇ ಪಾ ದ ಲೀವ್ರ್' ಎನ್ನಬೇಕು. 'ಒಂದು' ಎಂಬರ್ಥದ 'ಅಂ' ಇಲ್ಲಿ 'ದ' ಆಗಿ ಬದಲಾಗಿದೆ. 'ಇದು ಪುಸ್ತಕವಲ್ಲ' ಎನ್ನುವಾಗ ಮಾತ್ರ 'ಸ ನೆ ಪಾ ಅಂ ಲೀವ್ರ್', 'ಅಂ' ಕದಲುವುದಿಲ್ಲ. 'ಎತ್ರ್' ಕ್ರಿಯಾಪದಕ್ಕೆ ಇದೊಂದು ಅಪವಾದವೆಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಎರಡೂ ಕಡೆ 'ನಾಟ್' ಇರುವುದರಿಂದ ಕಾರಣ ಕಾಣುವುದೇ ಇಲ್ಲ. ಕನ್ನಡದ ಮಗು ಈ ಭೇದವನ್ನು ಶಾಲೆಗೆ ಸೇರುವ ಮೊದಲೇ ಬಲ್ಲದು. 'ಇಲ್ಲ' ಎಂದರೆ ವಸ್ತುವಿನ ಪ್ರಮಾಣ ಶೂನ್ಯ. 'ಅಲ್ಲ' ಎಂದರೆ ಇದು ಅದಕ್ಕೆ ಸಮವೆಂಬುದರ ನಿರಾಕರಣೆ.

ಬೆಲ್ಜಿಯಮ್ಮಿನ ಚಿತ್ರಕಾರ ರೆನೆ ಮಾಗ್ರಿಟ್ 1929ರಲ್ಲಿ ಹೊಗೆಸೊಪ್ಪು ಸೇದುವ ಪೈಪೊಂದನ್ನು ಬಿಡಿಸಿ, ಕೆಳಗೆ 'ಸೆಸಿ ನೆ ಪಾ ಊನ್ ಪೀಪ್' ಎಂದು ಬರೆದನು. 'ಇದು ಪೈಪ್ ಅಲ್ಲ' ಎಂದರ್ಥ. ಅದು ಪೈಪಿನ ಚಿತ್ರವಷ್ಟೆ. ಆ ಚಿತ್ರದ ಸ್ವಾರಸ್ಯವೆಲ್ಲ ನಮ್ಮ 'ಅಲ್ಲ' ಎಂಬ ಎರಡಕ್ಷರದಲ್ಲಿ ಅಡಗಿದೆ.

ಈ ಊರುಗೋಲು ಎಲ್ಲೆಡೆ ಆಧಾರ ಕೊಡದು. 'ದವ್ನೀರ್' ಎಂದರೆ 'ಆಗು'. 'ಅವನು ದೊಡ್ಡ ಮನುಷ್ಯನಾಗಲಿಲ್ಲ' ಎಂದು ನಾವು 'ಇಲ್ಲ' ಹಚ್ಚಿದರೂ, ಸಮತ್ವ ಸೂಚಿಸುವ ಆ ಕ್ರಿಯಾಪದದೊಡನೆ ಫ್ರೆಂಚರು 'ಅಂ' ಉಳಿಸಿಕೊಳ್ಳುತ್ತಾರೆ. ಆದ್ದರಿಂದ ಪದಕ್ಕಿಂತ ಅರ್ಥವನ್ನು ಹಿಡಿಯಬೇಕು.

ಕಾಗುಣಿತದಲ್ಲಿಯೂ ಎಚ್ಚರ ಬೇಕು. 'ನಾವು' ಎಂಬರ್ಥದ 'ಓಂ' ಪದದ ಮುಂದೆ 'ನೆ ಪಾ' ಬಂದಾಗ, ನಿಷೇಧದ ನಕಾರವು ಸಂಧಿಯ ನಕಾರದಲ್ಲಿ ಕರಗಿ ಕಿವಿಗೆ ಬೇರೆಯಾಗಿ ಕೇಳಿಸದು. ಬರವಣಿಗೆಯಲ್ಲಿ ಅದು ಇರಲೇಬೇಕು. ಫ್ರೆಂಚರೇ ಇಲ್ಲಿ ಎಡವುವುದುಂಟು.

ಮಕ್ಕಳಿಗೆ ಪರಭಾಷೆಯನ್ನು ಕಲಿಸುವ ಭರದಲ್ಲಿ ಮನೆಮಾತನ್ನು ಹೊರಗಿಡಬೇಡಿ. ಅಪವಾದವೆಂದು ಉರುಹೊಡೆದದ್ದು ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ತಾಯ್ನುಡಿಯ ಬೆಳಕಿನಲ್ಲಿ ತಿಳಿದದ್ದು ಬಹುಕಾಲ ಉಳಿಯುತ್ತದೆ.