ಟೊಂಕ ಹಿಡಿದ ಪ್ರಶಿಕ್ಷಣಾರ್ಥಿಗೆ ಕುರ್ಚಿ ಕೊಡೋಣ

ಅಭ್ಯಾಸ ಬೋಧನೆಗೆಂದು ಬಸವಕಲ್ಯಾಣ, ಹುಮನಾಬಾದ್ ಸುತ್ತಿನ ಶಾಲೆಗಳಿಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಸಂಜೆಯ ಆಟ ಬೇಕೇ ಬೇಕು. ಬೆಳಗಿನಿಂದ ಪಾಠಯೋಜನೆ, ಅವಲೋಕನ, ದಾಖಲೆ ಬರೆಯುವುದು ಎಂದು ದಣಿದವರು ಶಾಲೆಯ ಗಂಟೆ ಬಾರಿಸುತ್ತಲೇ ವಾಲಿಬಾಲ್ ನೆಟ್ ಕಟ್ಟುತ್ತಾರೆ. ಕೆಲವರು ಕಬಡ್ಡಿ, ಕೆಲವರು ಟೆನಿಸ್ ಬಾಲಿನ ಕ್ರಿಕೆಟ್. ವಿದ್ಯಾರ್ಥಿನಿಯರು ಥ್ರೋಬಾಲ್, ಖೋಖೋ. ಇದು ಒಳ್ಳೆಯದೇ. ಆದರೆ ಇದೇ ಆಟದ ನಡುವೆ ಒಬ್ಬರಿಗೆ ಫಕ್ಕನೆ ಟೊಂಕ ಹಿಡಿಯುತ್ತದೆ. ಮರುದಿನ ಮೇಲ್ವಿಚಾರಕರಿಗೆ ಫೋನ್ ಬರುತ್ತದೆ: "ಸರ್, ಟೊಂಕ ಹಿಡದದರಿ, ನಿಂದ್ರಲಾಕ ಆಗವಲ್ದು."

ಈ ಫೋನಿಗೆ ನಾವು ಕೊಡುವ ಉತ್ತರ ಸಾಮಾನ್ಯವಾಗಿ ಎರಡೇ ಬಗೆಯದು. "ಹಂಗಾದ್ರ ಮನ್ಯಾಗ ಮಲಗ್ರಿ, ಆರಾಮಾದ ಮ್ಯಾಲ ಬರ್ರಿ" ಎನ್ನುವುದು ಒಂದು. "ಪಾಠ ಮುಗಿಸಬೇಕಲ್ರೀ, ಹ್ಯಾಂಗಾರ ಮಾಡಿ ಬರ್ರಿ" ಎನ್ನುವುದು ಇನ್ನೊಂದು. ಮೊದಲನೆಯದು ಕರುಣೆಯಿಂದ ಬಂದದ್ದು, ಎರಡನೆಯದು ಜವಾಬ್ದಾರಿಯಿಂದ ಬಂದದ್ದು. ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಟೊಂಕ ಹಿಡಿದವರು ಶಾಲೆಗೆ ಬರಬೇಕು. ಬಂದವರಿಗೆ ಕುಳಿತು, ಎದ್ದು, ಆಗಾಗ ನಡೆದು ಪಾಠ ಮಾಡುವ ಅನುಕೂಲವನ್ನು ಮಹಾವಿದ್ಯಾಲಯವೇ ಲಿಖಿತವಾಗಿ ಕೊಡಬೇಕು. ಯಾಕೆಂದು ಹೇಳುತ್ತೇನೆ.

ಮೊದಲು ನೋವಿನ ವಿಚಾರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತು. ಅದರಲ್ಲಿ ಬಹುಪಾಲು, ಹತ್ತರಲ್ಲಿ ಒಂಬತ್ತರಷ್ಟು, ಎಲುಬು ಮುರಿತ, ಸೋಂಕು, ಗಡ್ಡೆ ಮುಂತಾದ ನಿರ್ದಿಷ್ಟ ಕಾಯಿಲೆಯಿಂದ ಬಂದದ್ದಲ್ಲ. ಆಟದಲ್ಲಿ ಹಿಡಿಯುವ ಟೊಂಕವೂ ಹೆಚ್ಚಾಗಿ ಇದೇ ಗುಂಪಿನದು. ದಿನವಿಡೀ ಬೆಂಚಿನ ಮೇಲೆ ಕುಳಿತು, ಬಸ್ಸಿನಲ್ಲಿ ಇಲ್ಲವೇ ಬೈಕಿನ ಹಿಂದೆ ಕುಳಿತು ಬಂದ ದೇಹವನ್ನು ಬಿಸಿ ಮಾಡಿಕೊಳ್ಳದೆ ಗಟ್ಟಿ ನೆಲದ ಮೇಲೆ ಎಗರಿಸಿ, ಬಗ್ಗಿಸಿ, ತಿರುಚಿದರೆ ಬೆನ್ನಿನ ಸ್ನಾಯು ಬಿಗಿದುಕೊಳ್ಳುತ್ತದೆ. ನೋವು ಜೋರಾಗಿರುತ್ತದೆ, ಹೆದರಿಕೆಯಾಗುತ್ತದೆ. ಆದರೆ ನೋವಿನ ಜೋರು ಗಾಯದ ಆಳವನ್ನು ಹೇಳುವುದಿಲ್ಲ. ಹೆಚ್ಚಿನವರಿಗೆ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಬಹಳಷ್ಟು ಕಡಿಮೆಯಾಗುತ್ತದೆ.

ಹಾಗಾದರೆ ಮಲಗಬೇಕೇ? 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದ ಒಂದು ಅಧ್ಯಯನ ಇದಕ್ಕೆ ನೇರ ಉತ್ತರ ಕೊಟ್ಟಿತು. ಆಗಷ್ಟೇ ಬೆನ್ನುನೋವು ಬಂದ 186 ನಗರಾಡಳಿತ ನೌಕರರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ಬಿಟ್ಟಷ್ಟು ಮಟ್ಟಿಗೆ ಎಂದಿನ ಕೆಲಸ. ಮೂರು ವಾರಕ್ಕೂ ಹನ್ನೆರಡು ವಾರಕ್ಕೂ ನೋಡಿದಾಗ ಎಂದಿನ ಕೆಲಸ ಮಾಡಿಕೊಂಡಿದ್ದವರೇ ಮುಂದಿದ್ದರು; ಹಾಸಿಗೆ ಹಿಡಿದವರು ಎಲ್ಲರಿಗಿಂತ ನಿಧಾನವಾಗಿ ಚೇತರಿಸಿಕೊಂಡರು. "ಮನ್ಯಾಗ ಮಲಗ್ರಿ" ಎಂಬ ನಮ್ಮ ಕರುಣೆಯ ಮಾತು ಹೀಗೆ ನೋವನ್ನು ಉದ್ದ ಮಾಡುವ ಮಾತಾಗುತ್ತದೆ. ಮೊದಲ ದಿನ ಒಂದಷ್ಟು ಹೊತ್ತು ಒರಗುವುದು ಬೇರೆ, ವಾರಗಟ್ಟಲೆ ಮಲಗುವುದು ಬೇರೆ.

ಈಗ ನಿಯಮದ ಲೆಕ್ಕ. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಎರಡು ವರ್ಷದ ಬಿ.ಎಡ್.ನಲ್ಲಿ ಒಟ್ಟು 20 ವಾರಗಳ ಶಾಲಾ ಅನುಭವವನ್ನು ಹೇಳುತ್ತದೆ: ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಉಳಿದ ವಿಷಯಗಳಿಗೆ ಶೇ. 80 ಹಾಜರಾತಿ ಸಾಕು. ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಬೇಕು. ವಾರಕ್ಕೆ ಆರು ದಿನದಂತೆ 16 ವಾರವೆಂದರೆ 96 ದಿನ. ಅದರಲ್ಲಿ ತಪ್ಪಿಸಬಹುದಾದದ್ದು ಒಂಬತ್ತು ದಿನ ಮಾತ್ರ. ಮೊದಲ ವರ್ಷದ ನಾಲ್ಕು ವಾರಗಳಲ್ಲಾದರೆ ಎರಡೇ ದಿನ. ಹತ್ತು ದಿನ ಮಲಗಿದ ಪ್ರಶಿಕ್ಷಣಾರ್ಥಿಯ ಹಾಜರಾತಿ ಅಲ್ಲಿಗೇ ಮುಗಿಯಿತು. ಮನೆಯಲ್ಲಿ ಮೊದಲ ಪದವೀಧರರಾಗಿ, ಶಿಕ್ಷಕರ ನೇಮಕಾತಿಯ ಅಧಿಸೂಚನೆಗಾಗಿ ಕಾಯುತ್ತಿರುವವರಿಗೆ ಒಂದು ವರ್ಷ ಹಿಂದೆ ಬೀಳುವುದೆಂದರೆ ಸಣ್ಣ ಮಾತಲ್ಲ. ಈ ಭಯದಿಂದಲೇ ಎಷ್ಟೋ ಜನ ನೋವನ್ನು ಮುಚ್ಚಿಟ್ಟು, ಮಾತ್ರೆ ನುಂಗಿ, ದಿನಕ್ಕೆ ನಾಲ್ಕು ಅವಧಿ ನಿಂತೇ ಪಾಠ ಮಾಡುತ್ತಾರೆ. ವಿದ್ಯಾರ್ಥಿನಿಯರಂತೂ ಹೇಳುವುದೇ ಕಡಿಮೆ. "ಆಟ ಆಡ್ಲಾಕ ಹೋಗು ಅಂತ ಯಾರ್ ಹೇಳಿದ್ರು?" ಎಂಬ ಮಾತು ಮನೆಯಲ್ಲಿ ಕಾದಿರುತ್ತದೆ, ನೀರಿನ ಕೊಡವೂ ಕಾದಿರುತ್ತದೆ.

ಮಲಗಿದರೆ ಹಾಜರಾತಿ ಹೋಗುತ್ತದೆ, ನಿಂತರೆ ಟೊಂಕ ಹೋಗುತ್ತದೆ. ಮೂರನೆಯ ದಾರಿಯೊಂದಿದೆ: ಶಾಲೆಗೆ ಬಂದು, ಆದಷ್ಟು ಮಾಡುವುದು. ವೈದ್ಯಶಾಸ್ತ್ರ ಹೇಳುವುದೂ ಅದನ್ನೇ, ಹಾಜರಾತಿಯ ನಿಯಮ ಕೇಳುವುದೂ ಅದನ್ನೇ. ಅಡ್ಡಿಯಾಗಿರುವುದು ನಮ್ಮ ಮೌಲ್ಯಮಾಪನ ಪಟ್ಟಿ.

ಸೂಕ್ಷ್ಮ ಬೋಧನೆಯಲ್ಲಿ ನಾವು ಕಲಿಸುವ ಪ್ರಚೋದನಾ ಬದಲಾವಣೆಯ ಕೌಶಲವನ್ನು ನೆನಪಿಸಿಕೊಳ್ಳಿ. ಶಿಕ್ಷಕರ ಚಲನೆ, ಹಾವಭಾವ, ಧ್ವನಿಯ ಏರಿಳಿತ, ಗಮನ ಕೇಂದ್ರೀಕರಣ, ವಿರಾಮ, ಸಂವಾದದ ರೀತಿಯ ಬದಲಾವಣೆ, ಶ್ರವ್ಯ–ದೃಶ್ಯಗಳ ಅದಲು ಬದಲು ಇವು ಅದರ ಘಟಕಗಳು. ಏಳರಲ್ಲಿ ಚಲನೆ ಒಂದು. ಆದರೆ ಅವಲೋಕಿಸುವಾಗ ನಮ್ಮ ಕಣ್ಣಿಗೆ ಮೊದಲು ಬೀಳುವುದು ಅದೇ. ಕುರ್ಚಿಯಲ್ಲಿ ಕುಳಿತ ಪ್ರಶಿಕ್ಷಣಾರ್ಥಿ ಕಂಡೊಡನೆ "ಉತ್ಸಾಹ ಸಾಲದು" ಎಂದು ಷರಾ ಬರೆಯುತ್ತೇವೆ. ಅವರ ಪ್ರಶ್ನೆಗಳು ಹೇಗಿದ್ದವು, ಮಕ್ಕಳು ಎಷ್ಟು ಮಾತಾಡಿದರು, ಪಾಠದ ಉದ್ದೇಶ ಈಡೇರಿತೇ ಎಂಬುದು ಆಮೇಲಿನ ಮಾತಾಗುತ್ತದೆ.

ಕುಳಿತು ಪಾಠ ಮಾಡುವುದು ಸೋಮಾರಿತನವಲ್ಲ. ಅದಕ್ಕೆ ಹೆಚ್ಚಿನ ಸಿದ್ಧತೆ ಬೇಕು. ಕಪ್ಪುಹಲಗೆಯ ಬಳಿಗೆ ತಾವು ಹೋಗಲಾಗದಿದ್ದರೆ ಮಕ್ಕಳನ್ನು ಕರೆದು ಬರೆಸಬೇಕು. ಯಾರು, ಯಾವಾಗ, ಏನು ಬರೆಯಬೇಕೆಂದು ಮೊದಲೇ ಯೋಚಿಸಬೇಕು. ಚಾರ್ಟನ್ನು ಬಗ್ಗದೆ ತೋರಿಸುವಂತೆ ಕಣ್ಣಿನ ಎತ್ತರಕ್ಕೆ ತೂಗಹಾಕಿಸಬೇಕು. ಗುಂಪು ಚಟುವಟಿಕೆಗೆ ಸೂಚನೆಗಳನ್ನು ಸ್ಪಷ್ಟವಾಗಿ ಬರೆದಿಟ್ಟಿರಬೇಕು. ಹಿಂದಿನ ಬೆಂಚಿನ ಮಗುವನ್ನು ಹೆಸರು ಹಿಡಿದು ಮಾತಿಗೆಳೆಯಬೇಕು. ಇವೆಲ್ಲ ಒಳ್ಳೆಯ ಬೋಧನೆಯ ಲಕ್ಷಣಗಳೇ. ಓಡಾಡಬಲ್ಲ ಪ್ರಶಿಕ್ಷಣಾರ್ಥಿ ಬಿಟ್ಟುಬಿಡಬಹುದಾದ ಕೆಲಸವನ್ನು ಓಡಾಡಲಾಗದವರು ಮಾಡಲೇಬೇಕಾಗುತ್ತದೆ.

ವಿಜ್ಞಾನದ ಪ್ರಶಿಕ್ಷಣಾರ್ಥಿಯಾದರೆ ತಮ್ಮ ಟೊಂಕವನ್ನೇ ಪಾಠೋಪಕರಣ ಮಾಡಿಕೊಳ್ಳಬಹುದು. ಸನ್ನೆಗಳ ಪಾಠದಲ್ಲಿ ಆಧಾರ, ಭಾರ, ಬಲ ಎಂದು ಕತ್ತರಿ, ಇಕ್ಕಳದ ಚಿತ್ರ ಬರೆಯುತ್ತೇವೆ. ನಮ್ಮ ಬೆನ್ನೂ ಒಂದು ಸನ್ನೆ. ಬೆನ್ನೆಲುಬು ಆಧಾರ, ಅದರ ಹಿಂದೆ ಸುಮಾರು 5 ಸೆಂ.ಮೀ. ದೂರದಲ್ಲಿ ಎಳೆಯುವ ಸ್ನಾಯು. ಮುಂದೆ ಕೈ ಚಾಚಿ ಹಿಡಿದ ಕೊಡ. ಕೊಡ 10 ಕೆ.ಜಿ. ಇದ್ದು 40 ಸೆಂ.ಮೀ. ಮುಂದಿದ್ದರೆ ಅದೊಂದಕ್ಕೇ ಸ್ನಾಯು 80 ಕೆ.ಜಿ. ಭಾರಕ್ಕೆ ಸಮನಾದ ಬಲ ಹಾಕಬೇಕು. ಅದೇ ಕೊಡವನ್ನು ಮೈಗೆ ಒತ್ತಿ 20 ಸೆಂ.ಮೀ.ಗೆ ತಂದರೆ ಬಲ ಅರ್ಧಕ್ಕಿಳಿಯುತ್ತದೆ. ಇಷ್ಟು ಲೆಕ್ಕ ಮಾಡಿದ ಎಂಟನೆಯ ತರಗತಿಯ ಹುಡುಗಿ ಮನೆಗೆ ಹೋಗಿ ಅವ್ವನಿಗೆ ಕೊಡ ಎತ್ತುವ ರೀತಿ ಹೇಳಿಕೊಡುತ್ತಾಳೆ.

ಇನ್ನೊಂದು ವಿಚಿತ್ರ ನೋಡಿ. ನಾವು ಸಮನ್ವಯ ಶಿಕ್ಷಣವನ್ನು ಪಠ್ಯವಾಗಿ ಬೋಧಿಸುತ್ತೇವೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳುವ ಸಮಂಜಸ ಹೊಂದಾಣಿಕೆಯ ತತ್ವವನ್ನು ಪರೀಕ್ಷೆಯಲ್ಲಿ ಕೇಳುತ್ತೇವೆ. ಆ ಕಾಯ್ದೆ ದೀರ್ಘಕಾಲದ ನ್ಯೂನತೆಯ ಕುರಿತಾದದ್ದು, ಮೂರು ವಾರದ ಟೊಂಕನೋವಿಗೆ ಅನ್ವಯಿಸದು ಎಂಬುದು ನಿಜ. ಆದರೆ ಮಗುವಿಗೆ ಬೇಕಾದಂತೆ ತರಗತಿ ಬದಲಾಗಬೇಕು ಎಂದು ಕಲಿಸುವ ನಾವು, ನಮ್ಮದೇ ಪ್ರಶಿಕ್ಷಣಾರ್ಥಿಗೆ ಒಂದು ಕುರ್ಚಿಯನ್ನೂ ಕೊಡದಿದ್ದರೆ ಅವರು ಆ ಪಠ್ಯದಿಂದ ಕಲಿಯುವುದೇನು?

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಸುಳ್ಳು ಹೇಳುವವರು ಇದನ್ನು ದುರುಪಯೋಗ ಮಾಡಿಕೊಳ್ಳುತ್ತಾರೆ ಎಂಬುದು ಮೊದಲನೆಯದು. ರಜೆ ಕೊಟ್ಟರೆ ದುರುಪಯೋಗವಾಗಬಹುದು. ಇಲ್ಲಿ ಕೊಡುತ್ತಿರುವುದು ರಜೆಯಲ್ಲ, ಕೆಲಸದ ಬೇರೆ ರೂಪ. ಶಾಲೆಗೆ ಬಂದು, ಯೋಜನೆ ಹೆಚ್ಚು ವಿವರವಾಗಿ ಬರೆದು, ಕುಳಿತು ಪಾಠ ಮಾಡಲು ಯಾರೂ ಸುಳ್ಳು ಹೇಳುವುದಿಲ್ಲ. ಎರಡನೆಯದು ಶಾಲೆಯ ಮುಖ್ಯಗುರುಗಳದು: "ಮಕ್ಕಳು ಶಿಸ್ತು ಬಿಡ್ತಾರ್ರೀ." ಈ ಮಾತಿನಲ್ಲಿ ಹುರುಳಿದೆ. ಅರವತ್ತು ಮಕ್ಕಳ ಕೋಣೆಯನ್ನು ಕುಳಿತು ನಿಭಾಯಿಸುವುದು ಹೊಸಬರಿಗೆ ಕಷ್ಟ. ಆದ್ದರಿಂದ ಮೊದಲ ವಾರ ಸಹಪಾಠಿ ಪ್ರಶಿಕ್ಷಣಾರ್ಥಿ ಜೊತೆಗಿರಲಿ. ಇಬ್ಬರೂ ಸೇರಿ ಪಾಠ ಯೋಜಿಸಲಿ. ಕೂಡಿ ಬೋಧಿಸುವುದನ್ನು ಕಲಿಯಲು ಇದಕ್ಕಿಂತ ಸಹಜವಾದ ಸಂದರ್ಭ ಸಿಗದು.

ಒಂದು ಎಚ್ಚರಿಕೆಯನ್ನು ಮಾತ್ರ ಯಾರೂ ಮರೆಯಬಾರದು. ಆದಷ್ಟು ಓಡಾಡಿ ಎನ್ನುವ ಸಲಹೆ ಎಲ್ಲ ಟೊಂಕನೋವಿಗೂ ಅಲ್ಲ. ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಕುಳಿತುಕೊಳ್ಳುವ ಭಾಗ ಜೋಮು ಹಿಡಿದರೆ, ಕಾಲಿನಲ್ಲಿ ಶಕ್ತಿ ಕಡಿಮೆಯಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾದರೂ ಸರಿ. ಎತ್ತರದಿಂದ ಬಿದ್ದಿದ್ದರೆ, ಜ್ವರ ಜೊತೆಗಿದ್ದರೆ ಕೂಡ ತಡಮಾಡಬಾರದು. ಕಾಲು ಮುಂದಾಗಿ ಹುಟ್ಟಿದವರಿಂದ ಟೊಂಕಕ್ಕೆ ಒದೆಸಿಕೊಳ್ಳುವ ರೂಢಿ ನಮ್ಮ ಕಡೆ ಇನ್ನೂ ಇದೆ. ಒದೆತದಿಂದ ಬಿಗಿದ ಸ್ನಾಯು ಸಡಿಲಾಗುವುದಿಲ್ಲ. ಒಳಗೆ ನಿಜವಾದ ಪೆಟ್ಟಿದ್ದರೆ ಅದು ಹೆಚ್ಚಾದೀತು. ಇದರ ಇನ್ನೊಂದು ತುದಿಯಲ್ಲಿ ಎಂ.ಆರ್.ಐ.ಗೆ ಸಾಲ ಮಾಡಿ ಕಲಬುರಗಿಗೋ ಸೊಲ್ಲಾಪುರಕ್ಕೋ ಓಡುವವರಿದ್ದಾರೆ. ನೋವೇ ಇಲ್ಲದ ಇಪ್ಪತ್ತರ ವಯಸ್ಸಿನವರಲ್ಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಡಿಸ್ಕಿನಲ್ಲಿ ಸವೆತ ಕಾಣುತ್ತದೆಂದು 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆ ತೋರಿಸಿತು. ಚಿತ್ರ ಬೇಕೋ ಬೇಡವೋ ಎಂಬುದನ್ನು ಪರೀಕ್ಷೆ ಮಾಡಿದ ವೈದ್ಯರು ಹೇಳಲಿ.

ಆಟವನ್ನೇ ನಿಲ್ಲಿಸಿಬಿಡೋಣ ಎಂಬ ತೀರ್ಮಾನಕ್ಕೂ ಬರಬಾರದು. ಕರ್ನಾಟಕದ ವೇಗದ ಬೌಲರ್ ಪ್ರಸಿದ್ಧ ಕೃಷ್ಣ ಕೆಳಬೆನ್ನೆಲುಬಿನ ಒತ್ತಡದ ಬಿರುಕಿನಿಂದ 2023ರ ಐಪಿಎಲ್ ಪೂರ್ತಿ ಕಳೆದುಕೊಂಡು, ಅದೇ ಆಗಸ್ಟಿನಲ್ಲಿ ಐರ್ಲೆಂಡ್ ವಿರುದ್ಧ ಭಾರತ ತಂಡಕ್ಕೆ ಮರಳಿದರು. ಅವರದು ಟೊಂಕ ಹಿಡಿಯುವುದಕ್ಕಿಂತ ಬಹಳ ದೊಡ್ಡ ಗಾಯ. ಅಂಥವರ ಹಿಂದೆ ವೈದ್ಯರು, ಫಿಜಿಯೋಥೆರಪಿಸ್ಟರು, ಹಂತ ಹಂತವಾಗಿ ಭಾರ ಏರಿಸುವ ಯೋಜನೆ ಇರುತ್ತದೆ. ನಮ್ಮ ವಾಲಿಬಾಲ್ ಆಟಗಾರನ ಹಿಂದೆ ಯಾರೂ ಇಲ್ಲ. ಹಂತ ಹಂತವಾಗಿ ಎಂಬ ಒಂದು ಪಾಠವನ್ನಾದರೂ ನಮ್ಮ ದೈಹಿಕ ಶಿಕ್ಷಣದ ಉಪನ್ಯಾಸಕರು ಹೇಳಿಕೊಡಬಹುದು: ಮೊದಲು ನಡಿಗೆ, ಆಮೇಲೆ ನಿಧಾನದ ಓಟ, ಆಮೇಲೆ ಜಿಗಿತವಿಲ್ಲದ ಪಾಸಿಂಗ್, ಕೊನೆಗೆ ಸ್ಮ್ಯಾಶ್. ದಿನವೂ ನೆಟ್ ಕಟ್ಟುವ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು ಕಡ್ಡಾಯವಾಗಲಿ. ಮಕ್ಕಳ ಆಟದ ಅವಧಿಯನ್ನು ನಡೆಸುವವರೂ ಇವರೇ ತಾನೆ. ತಾವು ಮಾಡದ್ದನ್ನು ಮಕ್ಕಳಿಂದ ಮಾಡಿಸುವುದು ಹೇಗೆ?

ಕಾಯಕದ ಮಾತು ಹುಟ್ಟಿದ ಕಲ್ಯಾಣದ ನೆಲದಲ್ಲಿ "ನೋವಿದ್ರೂ ಕೆಲಸ ಬಿಡಬಾರದು" ಎಂಬ ಉಪದೇಶ ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಆ ಪದದೊಳಗೇ ಕಾಯವಿದೆ. ಕಾಯವನ್ನು ಕೆಡಿಸಿಕೊಂಡು ಮಾಡುವ ಕೆಲಸವನ್ನು ಆ ಹೆಸರಿನಿಂದ ಕರೆಯಬೇಕಾಗಿಲ್ಲ.

ಕೊನೆಯದಾಗಿ, ಮಹಾವಿದ್ಯಾಲಯಗಳು ಮಾಡಬೇಕಾದದ್ದು ಇಷ್ಟು. ಅಭ್ಯಾಸ ಬೋಧನೆಯ ಕೈಪಿಡಿಯಲ್ಲಿ ಅರ್ಧ ಪುಟ ಸೇರಿಸಲಿ. ಗಾಯವಾದ ದಿನವೇ ಮೇಲ್ವಿಚಾರಕರಿಗೆ ತಿಳಿಸಬೇಕು, ತಿಳಿಸಿದವರನ್ನು ಗದರಿಸಬಾರದು ಎಂದು ಅದರಲ್ಲಿರಲಿ. ವೈದ್ಯರ ಚೀಟಿ ತಂದವರಿಗೆ ಮೂರು ವಾರದವರೆಗೆ ಕುಳಿತು ಬೋಧಿಸುವ ಅನುಮತಿ, ಆ ಪಾಠಗಳಲ್ಲಿ ಚಲನೆಯ ಅಂಕವನ್ನು ಉಳಿದ ಘಟಕಗಳಿಗೆ ಹಂಚುವ ಕ್ರಮ ಇರಲಿ. ಬಸವಕಲ್ಯಾಣದಲ್ಲಿರುವವರನ್ನು ಹುಮನಾಬಾದ್ ಕಡೆಯ ಶಾಲೆಗೆ ಹಾಕಿದ್ದರೆ ಅಷ್ಟು ದಿನದ ಮಟ್ಟಿಗೆ ಹತ್ತಿರದ ಶಾಲೆಗೆ ಬದಲಿಸಿಕೊಡಲಿ. ದಿನಕ್ಕೆರಡು ಸಲ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಾಡುವುದು ಪಾಠಕ್ಕಿಂತ ಹೆಚ್ಚು ನೋಯಿಸುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ, ಮೇಲಿನ ಆದೇಶಕ್ಕೆ ಕಾಯಬೇಕಿಲ್ಲ. ಮುಂದಿನ ತಂಡ ಶಾಲೆಗಳಿಗೆ ಹೊರಡುವ ಮೊದಲು ಒಂದು ಸಿಬ್ಬಂದಿ ಸಭೆಯಲ್ಲಿ ಇದನ್ನು ನಿರ್ಧರಿಸಬಹುದು.