ಪಕ್ಕದಲ್ಲಿ ಕುಳಿತವರ ಮುಖ

ಹೊಲಿಗೆಯ ಯಂತ್ರವನ್ನು ಬಿಚ್ಚಿ, ಎಣ್ಣೆ ಹಾಕಿ, ಮರಳಿ ಜೋಡಿಸುವ ಕ್ರಮವನ್ನು ಕುರಿತು ನಾವು ಹಿಂದೊಮ್ಮೆ ಬರೆದುದನ್ನು ಓದಿದ ವಾಚಕ ಮಹಾಶಯರೊಬ್ಬರು, “ಹೊಲಿಗೆಯ ಯಂತ್ರವೇನೋ ಆಯಿತು, ಮೋಟಾರು ಗಾಡಿಯನ್ನೇ ಮನೆಯಲ್ಲಿ ಕಟ್ಟಿಕೊಳ್ಳುವವರು ಲೋಕದಲ್ಲಿ ಉಂಟೋ?” ಎಂದು ವಿನೋದವಾಗಿ ಕೇಳಿದ್ದಾರೆ. ಉಂಟು. ಇಂಗ್ಲೆಂಡಿನಲ್ಲಿ ಅಂಥವರು ಅನೇಕರು. ಅಲ್ಲಿ ನೆಲೆಸಿರುವ ನಮ್ಮ ಭಾವಮೈದುನರೇ ಅವರಲ್ಲಿ ಒಬ್ಬರು. ಅವರು ಕಟ್ಟಿದ ಗಾಡಿಯು ಒಂದು ಹಲಗೆಯ ದೆಸೆಯಿಂದ ಬೀದಿಗೆ ಇಳಿಯಲಾರದೆ ಕೊಟ್ಟಿಗೆಯಲ್ಲಿ ನಿಂತುದನ್ನು ನಾವು ಅವರಲ್ಲಿಗೆ ಹೋಗಿದ್ದಾಗ ಕಣ್ಣಾರೆ ಕಂಡೆವು. ಈ ತಿಂಗಳು ಆ ಸಂಗತಿಯನ್ನೇ ಹೇಳುವೆವು.

ಚೌಕಟ್ಟು, ಹೊರಮೈ ಮೊದಲಾದುವನ್ನು ಕಂಪೆನಿಯೊಂದರಿಂದ ಬಿಡಿಬಿಡಿಯಾಗಿ ಕೊಂಡು, ಎಂಜಿನು ಗೇರುಪೆಟ್ಟಿಗೆಗಳನ್ನು ಹಳೆಯ ಗಾಡಿಯಿಂದ ತೆಗೆದು, ಎಲ್ಲವನ್ನೂ ಮನೆಯಲ್ಲಿ ಜೋಡಿಸಿದ ಗಾಡಿಗೆ ಅಲ್ಲಿ ಕಿಟ್ ಕಾರ್ ಎಂದು ಹೆಸರು. ೧೯೫೭ರಲ್ಲಿ ಹೊರಬಂದ ಕಾಲಿನ್ ಚಾಪ್‌ಮನ್ನರ ಲೋಟಸ್ ಸೆವೆನ್ ಎಂಬ ಪುಟ್ಟ ತೆರೆದ ಗಾಡಿಯು ಹೀಗೆ ಬಿಡಿಭಾಗಗಳಾಗಿಯೂ ಮಾರಾಟವಾಗುತ್ತಿತ್ತು. ಪೂರ್ತಿಯಾಗಿ ಕಟ್ಟಿದ ಗಾಡಿಗೆ ಕ್ರಯದ ತೆರಿಗೆ ಉಂಟು, ಬಿಡಿಭಾಗಗಳಿಗೆ ಇಲ್ಲ ಎಂಬುದೇ ಆ ಕಾಲದಲ್ಲಿ ಕೊಳ್ಳುವವರಿಗೆ ದೊಡ್ಡ ಆಕರ್ಷಣೆ. ೧೯೭೩ರಲ್ಲಿ ತೆರಿಗೆಯ ಪದ್ಧತಿಯು ಬದಲಾಗಿ ಆ ಲಾಭವು ಹೋಯಿತು. ಕಟ್ಟುವ ಹುಚ್ಚು ಹೋಗಲಿಲ್ಲ. ೧೯೯೬ರಲ್ಲಿ ರಾನ್ ಚಾಂಪಿಯನ್ ಎಂಬವರು ಇಂಥ ಗಾಡಿಯನ್ನು ೨೫೦ ಪೌಂಡಿನ ಅಲ್ಪ ವೆಚ್ಚದಲ್ಲಿ ಕಟ್ಟಬಹುದೆಂದು ಪುಸ್ತಕವನ್ನೇ ಬರೆದರು. ಆ ಲೆಕ್ಕವನ್ನು ಮನೆಯಾಕೆಯರು ನಂಬಿದರೋ ಇಲ್ಲವೋ ನಾವರಿಯೆವು.

ಕಟ್ಟಿದುದಾಯಿತೆಂದು ಬೀದಿಗೆ ಇಳಿಸುವಂತಿಲ್ಲ. ೧೯೯೮ರಿಂದ ಒಂದು ಬಗೆಯ ಪರೀಕ್ಷೆಯೂ, ೨೦೦೯ರಿಂದ ಅದಕ್ಕಿಂತ ಬಿಗಿಯಾದ ‘ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್’ ಎಂಬ ಪರೀಕ್ಷೆಯೂ ಏರ್ಪಟ್ಟಿವೆ. ಪರೀಕ್ಷಕರು ಗಾಡಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪ್ರಮಾಣಪತ್ರ ಕೊಟ್ಟ ಹೊರತು ಅದಕ್ಕೆ ನಂಬರು ದೊರೆಯದು. ಬ್ರೇಕು, ದೀಪ, ಹೊಗೆ, ಸದ್ದು ಇವೆಲ್ಲವುಗಳಲ್ಲಿ ನಮ್ಮ ಭಾವಮೈದುನರು ತೇರ್ಗಡೆಯಾದರು. ಸೋತುದು ಡ್ಯಾಶ್‌ಬೋರ್ಡಿನಲ್ಲಿ.

ಸಾರೋಟಿನ ಕಾಲದಲ್ಲಿ ಕುದುರೆಯ ಗೊರಸಿನಿಂದ ಚಿಮ್ಮುವ ಕೆಸರು ಕುಳಿತವರ ಮೇಲೆ ಬೀಳದಂತೆ ಮುಂದೆ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರು. ಕುದುರೆ ಹೋಯಿತು, ಹಲಗೆ ಉಳಿಯಿತು. ಕುಳಿತವರನ್ನು ಕಾಯಲು ಹುಟ್ಟಿದುದೇ ಅವರಿಗೆ ಅಪಾಯವಾಗುವ ಕಾಲವೂ ಬಂದಿತು. ಭಾವಮೈದುನರ ಹಲಗೆ ತೆಳುವಾದ ಅಲ್ಯುಮಿನಿಯಂ ತಗಡಿನದು. ಕನ್ನಡಿಯಂತೆ ಉಜ್ಜಿ ಹೊಳೆಯಿಸಿದ್ದರು. ಅದರ ನಡುಮಧ್ಯದಲ್ಲಿ, ಹಳೆಯ ವಿಮಾನಗಳಲ್ಲಿರುವಂತೆ, ಉಕ್ಕಿನ ಆರು ಟಾಗಲ್ ಸ್ವಿಚ್ಚುಗಳು ಸಾಲಾಗಿ ಹೊರಚಾಚಿ ನಿಂತಿದ್ದವು. ನೋಡುವುದಕ್ಕೆ ಬಹು ಸೊಗಸು. ನಾವೂ ಹೊಗಳಿದೆವು, ಸುಳ್ಳಾಡಿ ಪ್ರಯೋಜನವಿಲ್ಲ.

“ಇದರಲ್ಲಿ ತಪ್ಪೇನು ಭಾವ? ಗಾಡಿ ಓಡಿಸುವವನು ನಾನು. ನನಗೆ ಕೈಗೆಟುಕಿದರೆ ಸಾಲದೆ?” ಎಂದರು.

ಆ ಪ್ರಶ್ನೆಗೆ ಉತ್ತರವನ್ನು ಅಮೆರಿಕದ ಡೆಟ್ರಾಯಿಟ್ ನಗರದ ಒಬ್ಬ ವೈದ್ಯರು ಬಹು ಹಿಂದೆಯೇ ಕೊಟ್ಟಿದ್ದರು. ಕ್ಲೇರ್ ಸ್ಟ್ರೇತ್ ಎಂಬ ಆ ಶಸ್ತ್ರವೈದ್ಯರು ವಿಕಾರಗೊಂಡ ಮುಖಗಳನ್ನು ಸರಿಪಡಿಸುವುದರಲ್ಲಿ ನಿಪುಣರು. ೧೯೩೦ರ ದಶಕದಲ್ಲಿ ಅವರಲ್ಲಿಗೆ ಮೋಟಾರು ಅಪಘಾತದ ಗಾಯಾಳುಗಳು ಮೇಲಿಂದ ಮೇಲೆ ಬರತೊಡಗಿದರು. ಚಾಲಕನ ಪಕ್ಕದ ಆಸನದಲ್ಲಿ ಕುಳಿತವರ ಮುಖವೇ ಹೆಚ್ಚಾಗಿ ಒಡೆಯುತ್ತಿದ್ದುದನ್ನೂ, ಒಡೆದುದು ಎದುರು ಹಲಗೆಯ ಗುಂಡಿಗಳಿಗೂ ಹಿಡಿಗಳಿಗೂ ಅಂಚುಗಳಿಗೂ ಬಡಿದು ಎಂಬುದನ್ನೂ ಅವರು ಕಂಡುಕೊಂಡರು. ಚಾಲಕನಿಗಾದರೋ ಹಿಡಿದುಕೊಳ್ಳಲು ಚಕ್ರವಿದೆ. ಮುಂದೇನು ಬರುತ್ತಿದೆಯೆಂಬ ಅರಿವೂ ಇದೆ. ಪಕ್ಕದವರಿಗೆ ಎರಡೂ ಇಲ್ಲ. ಸ್ಟ್ರೇತರು ಗಾಡಿ ಮಾಡುವವರನ್ನು ಕಾಡಿ ಬೇಡಿದರು; ೧೯೩೭ರ ಡಾಡ್ಜ್ ಗಾಡಿಯಲ್ಲಿ ಗುಂಡಿಗಳು ಹಲಗೆಯೊಳಕ್ಕೆ ಸರಿದವು. ೧೯೪೮ರಲ್ಲಿ ಅವರು ಈ ವಿಷಯವಾಗಿ ಬರೆದ ಲೇಖನದಲ್ಲಿ ಆ ಆಸನದವರನ್ನು ಕರೆದುದು ‘ಅತಿಥಿ ಪ್ರಯಾಣಿಕ’ರೆಂದು. ಅತಿಥಿಯೆಂಬ ಆ ಮಾತು ನಮ್ಮ ಮನಸ್ಸಿಗೆ ನಾಟಿತು. ಆದರೂ ಗಾಡಿ ಮಾಡುವವರಿಗೆ ಕಡ್ಡಾಯವಾದ ಕಾಯಿದೆಯು ಅಮೆರಿಕದಲ್ಲಿ ೧೯೬೮ಕ್ಕೆ ಬಂದಿತು. ಆ ನಡುವೆ ಎಷ್ಟು ಮುಖಗಳು ಹೋದುವೋ!

“ಈಗ ಸೀಟಿನ ಪಟ್ಟಿ ಇದೆಯಲ್ಲ?” ಎಂದು ಕೇಳಬಹುದು. ಪಟ್ಟಿಯು ಎದೆಯನ್ನು ಹಿಡಿಯುತ್ತದೆ. ತಲೆಯು ಮುಂದಕ್ಕೆ ಬಾಗಿಯೇ ಬಾಗುತ್ತದೆ. ಇಂಥ ಪುಟ್ಟ ಗಾಡಿಯಲ್ಲಿ ಹಲಗೆಯು ಬಹು ಹತ್ತಿರ.

ಇಂಗ್ಲೆಂಡಿನ ಪರೀಕ್ಷೆಯ ನಿಯಮಗಳೂ ಇದೇ ವಂಶದವು. ಅವುಗಳ ಮೂಲದಲ್ಲಿರುವುದು ೧೬೫ ಮಿಲಿಮೀಟರು ಅಡ್ಡಳತೆಯ ಒಂದು ಗೋಳ. ಸಾಧಾರಣ ಎಳನೀರಿನ ಗಾತ್ರವೆನ್ನಿ. ಅದು ಮನುಷ್ಯನ ತಲೆಯ ಬದಲಿಗೆ ನಿಂತಿದೆ. ಹಲಗೆಯ ಮೇಲೆ ಆ ಗೋಳವು ಎಲ್ಲೆಲ್ಲಿ ತಾಗಬಲ್ಲುದೋ ಅಲ್ಲಲ್ಲಿ ಅಂಚುಗಳು ೨.೫ ಮಿಲಿಮೀಟರಿಗೆ ಕಡಿಮೆಯಲ್ಲದ ತ್ರಿಜ್ಯದಲ್ಲಿ ದುಂಡಗಾಗಿರತಕ್ಕದ್ದು. ಸ್ವಿಚ್ಚು ಮುಂತಾದ ಗಟ್ಟಿ ವಸ್ತುಗಳು ೩.೨ರಿಂದ ೯.೫ ಮಿಲಿಮೀಟರಿನವರೆಗೆ ಹೊರಚಾಚಿದರೆ, ತುದಿಯಿಂದ ೨.೫ ಮಿಲಿಮೀಟರು ಕೆಳಗೆ ಅವುಗಳ ಅಡ್ಡಕೊಯ್ತದ ಹರವು ೨ ಚದರ ಸೆಂಟಿಮೀಟರಿಗೆ ಕಡಿಮೆಯಿರಬಾರದು. ಅಂದರೆ ದುಂಡು ಗುಂಡಿಯಾದರೆ ಸುಮಾರು ೧೬ ಮಿಲಿಮೀಟರು ಅಗಲ. ಮೊಳೆಯಂಥದು ಚುಚ್ಚುತ್ತದೆ, ಬಿಲ್ಲೆಯಂಥದು ಒತ್ತುತ್ತದೆ. ಲೆಕ್ಕದ ಒಳಗುಟ್ಟು ಇಷ್ಟೆ. ೯.೫ ಮಿಲಿಮೀಟರಿಗೂ ಮೀರಿ ಚಾಚಿದುದು, ೩೭೮ ನ್ಯೂಟನ್ನಿನ ಒತ್ತಡ ಬಿದ್ದರೆ ಒಳಕ್ಕೆ ಸರಿಯಬೇಕು ಅಥವಾ ಕಳಚಿ ಬೀಳಬೇಕು. ೨೫ ಕಿಲೋ ಅಕ್ಕಿಯ ಚೀಲ ಒಂದೂವರೆಯಷ್ಟು ಭಾರವೆಂದು ತಿಳಿದರೆ ಸಾಕು. ಭಾವಮೈದುನರ ಉಕ್ಕಿನ ಟಾಗಲುಗಳು ಒಂದಂಗುಲದಷ್ಟು ಚಾಚಿದ್ದವು, ಕಡ್ಡಿಯಂತೆ ಸಣ್ಣವು, ಒತ್ತಿದರೆ ಸರಿಯುವಂಥವೂ ಅಲ್ಲ, ಕಳಚುವಂಥವೂ ಅಲ್ಲ.

ಒಂದು ಸಣ್ಣ ಸಂಗತಿ. ೧೬೫, ೯.೫, ೩.೨ ಎಂಬ ಈ ವಿಚಿತ್ರ ಸಂಖ್ಯೆಗಳು ಎಲ್ಲಿಂದ ಬಂದುವೆಂದು ನಾವು ರಾತ್ರಿ ಕಾಗದ ಹಿಡಿದು ಅಂಗುಲಕ್ಕೆ ಪರಿವರ್ತಿಸಿದೆವು. ೧೬೫ ಎಂದರೆ ಆರೂವರೆ ಅಂಗುಲ, ೩.೨ ಎಂದರೆ ಅರೆಪಾವು, ಅಂದರೆ ಅಂಗುಲದ ಎಂಟನೆಯ ಒಂದು ಪಾಲು, ೯.೫ ಎಂದರೆ ಅದರ ಮೂರರಷ್ಟು. ಅಂಗುಲದಲ್ಲಿ ಬೆಳೆದ ನಮ್ಮಂಥವರಿಗೆ ಹಳೆಯ ಪರಿಚಿತರನ್ನು ಕಂಡಂತಾಯಿತು.

ಮರುದಿನ ಭಾವಮೈದುನರ ಹನ್ನೆರಡು ವರ್ಷದ ಮಗಳು ಹಳೆಯ ಪತ್ರಿಕೆಗಳನ್ನು ನೆನೆಯಿಸಿ ಅರೆದು, ಅಂಟು ಬೆರೆಸಿ, ಅಳತೆಗೆ ಸರಿಯಾಗಿ ಒಂದು ಚೆಂಡನ್ನು ಮಾಡಿದಳು. ಅದಕ್ಕೆ ಕಣ್ಣು ಮೂಗು ಬರೆದಳು. ಅದು ಒಣಗಿದ ಮೇಲೆ ಹಲಗೆಯ ಮೇಲೆ ಉರುಳಿಸುತ್ತ, ತಾಗಿದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದಳು. “ನೋಡಿ ಮಾವ, ಇದು ನನ್ನ ಮೂಗಿಗೆ, ಇದು ಹಣೆಗೆ” ಎಂದು ನಗುತ್ತ ಸ್ವಿಚ್ಚುಗಳನ್ನು ಎಣಿಸಿದಳು. ಅವಳ ತಂದೆಯವರು ನಗಲಿಲ್ಲ. ಆ ಗಾಡಿಯಲ್ಲಿ ಇರುವುದು ಎರಡೇ ಆಸನ. ಎರಡನೆಯದು ಯಾರದೆಂದು ಆ ಮನೆಯಲ್ಲಿ ಎಂದೋ ತೀರ್ಮಾನವಾಗಿತ್ತು.

ಹೊಸ ಹಲಗೆಯನ್ನು ಕಟ್ಟಲು ಮೂರು ವಾರ ಹಿಡಿಯಿತು. ಮೊದಲು ರಟ್ಟಿನಲ್ಲಿ ಕತ್ತರಿಸಿ ಗಾಡಿಯಲ್ಲಿಟ್ಟು ನೋಡಿದುದು ಜಾಣತನ. ರಟ್ಟು ಕೆಟ್ಟರೆ ನಷ್ಟವಿಲ್ಲ. ಒಂದೂವರೆ ಮಿಲಿಮೀಟರು ದಪ್ಪದ ತಗಡಿನ ಅಂಚನ್ನು ಎಷ್ಟು ಅರೆದರೂ ೨.೫ರ ತ್ರಿಜ್ಯ ಬಾರದಷ್ಟೆ. ಹಲಗೆಯ ಕೆಳಗಿನ ಅಂಚಿಗಂತೂ ನಿಯಮವು ೧೯ ಮಿಲಿಮೀಟರು, ಅಂದರೆ ಮುಕ್ಕಾಲಂಗುಲದ ತ್ರಿಜ್ಯವನ್ನು ಕೇಳುತ್ತದೆ. ಮೊಣಕಾಲಿನ ಚಿಪ್ಪು ಬಡಿಯುವ ಸ್ಥಳವಲ್ಲವೆ? ಆದುದರಿಂದ ೩೮ ಮಿಲಿಮೀಟರಿನ ಕೊಳವೆಯೊಂದನ್ನು ಅಡ್ಡಲಾಗಿ ಇಟ್ಟು ತಗಡನ್ನು ಅದರ ಸುತ್ತ ಬಾಗಿಸಿದರು. ಮೇಲೆ ದಪ್ಪ ಸ್ಪಂಜು ಹೊದಿಸಿ ಚರ್ಮ ಎಳೆದರೆ ಎಲ್ಲವೂ ಮುಚ್ಚಿಹೋಗುವುದೆಂದು ಅವರು ಮೊದಲು ಎಣಿಸಿದ್ದರು. ಆದರೆ ಮೆತ್ತನೆಯ ಹೊದಿಕೆಯನ್ನು ನಿಯಮವು ಅಷ್ಟು ಸುಲಭವಾಗಿ ನಂಬದು. ಅದರ ಅಡಿಯಲ್ಲಿರುವ ಗಟ್ಟಿ ವಸ್ತುವನ್ನೇ ವಿಚಾರಿಸುತ್ತದೆ. ಹಾಸಿಗೆಯ ಕೆಳಗೆ ಕಲ್ಲಿಟ್ಟು ಮಲಗಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಟಾಗಲುಗಳ ಸ್ಥಳಕ್ಕೆ ಹಳೆಯ ಗಾಡಿಯಿಂದ ತೆಗೆದ ಅಗಲವಾದ ಚಪ್ಪಟೆ ಸ್ವಿಚ್ಚುಗಳು ಬಂದುವು. ಸ್ಟೀರಿಂಗ್ ಚಕ್ರದ ಹೊರಸುತ್ತಿಗೆ ಇನ್ನೂ ೧೨೭ ಮಿಲಿಮೀಟರು, ಎಂದರೆ ಐದಂಗುಲ, ಸೇರಿಸಿ ಬರೆದ ವೃತ್ತದ ನೇರಕ್ಕೆ ಹಿಂದಿರುವ ಭಾಗಕ್ಕೆ ಈ ಉಬ್ಬು ತಗ್ಗಿನ ಲೆಕ್ಕದಿಂದ ವಿನಾಯಿತಿ ಉಂಟು. ಅಲ್ಲಿ ಚಾಲಕನ ತಲೆಗೆ ಮೊದಲು ಎದುರಾಗುವುದು ಚಕ್ರವೇ. ಅಂತೆಯೇ ತಾಪ, ಎಣ್ಣೆ, ಪೆಟ್ರೋಲುಗಳ ಮಾಪಕಗಳನ್ನೆಲ್ಲ ಆ ವೃತ್ತದೊಳಕ್ಕೆ ಸರಿಸಿ, ಅತಿಥಿಯ ಎದುರಿನ ಭಾಗವನ್ನು ಬರಿದಾಗಿ ಬಿಟ್ಟರು.

ಉಳಿದ ಹಲಗೆಯ ನಿಯಮಗಳು ಕಷ್ಟದವಲ್ಲ. ವೇಗಮಾಪಕವು ಚಾಲಕನಿಗೆ ಹಗಲಿರುಳೂ ಕಾಣತಕ್ಕದ್ದು. ನಿಜವಾದ ವೇಗಕ್ಕಿಂತ ಮಿತಿಯೊಳಗೆ ಹೆಚ್ಚು ತೋರಿಸಬಹುದು, ಕಡಿಮೆ ತೋರಿಸಕೂಡದು. ದೂರದ ದೀಪ ಉರಿದರೆ ನೀಲಿ, ತಿರುವಿನ ದೀಪಕ್ಕೆ ಹಸುರು, ಬ್ರೇಕಿನ ದೋಷಕ್ಕೆ ಕೆಂಪು ಬೆಳಕು ಕಾಣಬೇಕು.

ನಮ್ಮ ದೇಶದಲ್ಲಿ ಇಂಥ ಸಾಹಸಕ್ಕೆ ಹಾದಿ ಕಿರಿದು. ಕೇಂದ್ರ ಮೋಟಾರು ವಾಹನ ನಿಯಮಗಳ ೧೨೬ನೆಯದು ಗಾಡಿಯ ಮೊದಲ ಮಾದರಿಯನ್ನು ಪುಣೆಯ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ನಿನಂಥ ಸಂಸ್ಥೆಯ ಪರೀಕ್ಷೆಗೆ ಒಪ್ಪಿಸಬೇಕೆನ್ನುತ್ತದೆ. ಅದು ಕಾರ್ಖಾನೆಗಳಿಗೆ ತಕ್ಕ ಏರ್ಪಾಡು, ಕೊಟ್ಟಿಗೆಯಲ್ಲಿ ಒಂದೇ ಗಾಡಿ ಕಟ್ಟುವವರಿಗಲ್ಲ. ಆದರೆ ಕಾರ್ಖಾನೆಯವರು ದುಂಡಗೆ ಮಾಡಿಕೊಟ್ಟ ಹಲಗೆಯ ಮೇಲೆ ನಾವು ಮನೆಗೆ ತಂದ ಮೇಲೆ ಏನೇನು ಅಂಟಿಸುತ್ತೇವೆಂದು ನೋಡಿಕೊಳ್ಳಬಹುದು. ಹಿತ್ತಾಳೆಯ ಗಣಪತಿಯನ್ನು ಗಟ್ಟಿಯಾಗಿ ಅಂಟಿಸಿದ ಗಾಡಿಯು ನಮ್ಮದೂ ಹೌದು. ಊರಿಗೆ ಹಿಂದಿರುಗಿದ ದಿನವೇ ನಾವು ವಿಗ್ರಹವನ್ನು ನಮಸ್ಕರಿಸಿ ತೆಗೆದು ದೇವರ ಮನೆಗೆ ಒಯ್ದೆವು. ಅದರ ಜಾಗದಲ್ಲಿ ಸಣ್ಣ ಚಿತ್ರಪಟವೊಂದಿದೆ. ಮನೆಯವರು ಮೊದಲು ಒಪ್ಪಲಿಲ್ಲ. ಅವರ ತಮ್ಮನ ಮಗಳು ಮಾಡಿದ ಚೆಂಡಿನ ಕಥೆಯನ್ನು ಹೇಳಿದ ಮೇಲೆ ಒಪ್ಪಿದರು.

ಇಂಗ್ಲೆಂಡಿನಲ್ಲಿ ಪರೀಕ್ಷೆ ಮುಗಿದ ಮೇಲೆ ಹಳೆಯ ಸೊಗಸನ್ನೇ ಮರಳಿ ಕೂರಿಸಿಕೊಳ್ಳುವ ಗೃಹಸ್ಥರೂ ಉಂಟೆಂದು ಕೇಳಿದ್ದೆವು. ಭಾವಮೈದುನರೂ ಆರು ಟಾಗಲುಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಿದ್ದರು. ನಾವು ಏನೂ ಹೇಳಲಿಲ್ಲ, ಗಾಡಿ ಅವರದು. ಎರಡನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನಂಬರು ಬಂದಿತೆಂದು ಆಮೇಲೆ ಪತ್ರ ಬರೆದರು. ಟಾಗಲುಗಳನ್ನು ಕೊಟ್ಟಿಗೆಯ ಗೋಡೆಗೆ ಜೋಡಿಸಿ ದೀಪಗಳಿಗೆ ತಂತಿ ಎಳೆದಿರುವರಂತೆ. ಆರರಲ್ಲಿ ಒಂದು ಇನ್ನೂ ಯಾವ ದೀಪಕ್ಕೂ ಸೇರಿಲ್ಲವಂತೆ; ಹೋಗುತ್ತ ಬರುತ್ತ ಅದನ್ನು ಸುಮ್ಮನೆ ಮೇಲೆ ಕೆಳಗೆ ಮಾಡುತ್ತಾರೆಂದು ಮಗಳು ಪತ್ರದ ಅಂಚಿನಲ್ಲಿ ಬರೆದಿದ್ದಾಳೆ.