ಹೊಡೆದ ಕೈಗೆ ಹಾರ ಯಾಕೆ?

"ಒಳ್ಳೆ ಕೆಲಸಗಾರ, ಊರಿಗೆ ಉಪಕಾರಿ. ಮನೇಲಿ ಏನೋ ಒಂಚೂರು ಕೈ ಮಾಡ್ತಾನೆ. ಅದು ಗಂಡ ಹೆಂಡಿರ ವಿಷಯ, ಬಿಡ್ರಮ್ಮ." ನ್ಯಾಯ ಕೇಳಲು ಹೋದ ಕಡೆಯಲ್ಲೆಲ್ಲ ನಾವು ಈ ಮಾತನ್ನು ಕೇಳಿದ್ದೇವೆ. ಇದೇ ಮಾತನ್ನು ಓದಿದವರು ಬೇರೆ ಭಾಷೆಯಲ್ಲಿ ಹೇಳುತ್ತಾರೆ: "ಕಲೆಯನ್ನೂ ಕಲಾವಿದನನ್ನೂ ಬೇರೆ ಬೇರೆಯಾಗಿ ನೋಡಬೇಕು." ಎರಡೂ ಒಂದೇ ಮಾತು. ಅವನ ಕೆಲಸಕ್ಕೆ ಲೆಕ್ಕವುಂಟು, ಅವಳ ನೋವಿಗೆ ಲೆಕ್ಕವಿಲ್ಲ ಎನ್ನುವುದೇ ಅದರ ಅರ್ಥ. ಈ ಮಾತಿನ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಕಟ್ಟಡವೇ ನಿಂತಿದೆ ಎಂದು ನನ್ನ ವಾದ. ಅದನ್ನು ಇಲ್ಲಿ ಮುಂದಿಡುತ್ತಿದ್ದೇನೆ.

ಆ ಕಟ್ಟಡದ ಹೆಸರು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. ನಮ್ಮ ಮಾತಿನಲ್ಲಿ ಕೀರ್ತಿ ಮಂದಿರ ಎನ್ನಬಹುದು. 1983ರಲ್ಲಿ ಅದರ ಪ್ರತಿಷ್ಠಾನ ಹುಟ್ಟಿತು. ನಮ್ಮ ದೇಶದಲ್ಲಿ ಗಂಡನ ಕ್ರೌರ್ಯವನ್ನು ಅಪರಾಧವೆಂದು ಒಪ್ಪಿದ 498-ಎ ಕಲಮು ಬಂದದ್ದೂ ಅದೇ 1983ರಲ್ಲಿ. ಮೊದಲ ಹಾಡು ಹೊರಬಂದು 25 ವರ್ಷ ಕಳೆದ ಸಂಗೀತಗಾರರನ್ನು ಪ್ರತಿ ವರ್ಷ ಚರ್ಚಿಸಿ, ಮತ ಹಾಕಿ, ಅಲ್ಲಿ ಸೇರಿಸಿಕೊಳ್ಳುತ್ತಾರೆ. 1995ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಇದಕ್ಕೊಂದು ವಸ್ತುಸಂಗ್ರಹಾಲಯವೂ ಆಯಿತು. ಯಾರು ಅರ್ಹರು, ಯಾರು ಅಲ್ಲ ಎಂಬ ಜಗಳ ಅಲ್ಲಿ ಪ್ರತಿ ವರ್ಷವೂ ನಡೆಯುತ್ತದೆ.

1986ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಾಗ ಅದರಲ್ಲಿ ಒಬ್ಬಳೇ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಅರೀಥಾ ಫ್ರಾಂಕ್ಲಿನ್ ಎಂಬ ಕಪ್ಪು ಗಾಯಕಿ ಮೊದಲ ಮಹಿಳೆಯಾಗಿ ಒಳಗೆ ಹೋದದ್ದು 1987ರಲ್ಲಿ. ಹಾಗಾದರೆ ಮೊದಲ ವರ್ಷ ಯಾರಿದ್ದರು? ಜೆರಿ ಲೀ ಲೂಯಿಸ್ ಇದ್ದ. 1957ರಲ್ಲಿ, ತನ್ನ 22ನೇ ವಯಸ್ಸಿನಲ್ಲಿ, 13 ವರ್ಷದ ಸಂಬಂಧಿ ಹುಡುಗಿಯನ್ನು ಮದುವೆಯಾದವನು. ಜೇಮ್ಸ್ ಬ್ರೌನ್ ಇದ್ದ. ಹೆಂಡತಿಯ ಮೇಲೆ ಹಲ್ಲೆ ಮಾಡಿದ ಆರೋಪದಲ್ಲಿ 1988ರಲ್ಲಿ ಬಂಧನಕ್ಕೊಳಗಾದ; 2004ರಲ್ಲಿ ಇನ್ನೊಬ್ಬ ಹೆಂಡತಿಯ ಮೇಲೆ ಕೈ ಮಾಡಿದ ಪ್ರಕರಣದಲ್ಲಿ ಆರೋಪವನ್ನು ಅಲ್ಲಗಳೆಯದೆ ದಂಡ ಕಟ್ಟಿ ಹೊರಬಂದ. ಹಾರ ಹಾಕಿದವರಿಗೆ ಇದರಿಂದ ಮುಜುಗರವಾದಂತೆ ಕಾಣಲಿಲ್ಲ.

ಟೀನಾ ಟರ್ನರ್ ಕಥೆ

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಟೀನಾ ಟರ್ನರ್‌ಗೆ ಆದದ್ದು. ಆಕೆಯ ನಿಜವಾದ ಹೆಸರು ಆನಾ ಮೇ ಬುಲಕ್. 1939ರಲ್ಲಿ ಟೆನೆಸೀ ರಾಜ್ಯದಲ್ಲಿ, ಹತ್ತಿ ಹೊಲದಲ್ಲಿ ದುಡಿಯುವ ಕಪ್ಪು ಜನರ ಮನೆಯಲ್ಲಿ ಹುಟ್ಟಿದಾಕೆ. ಐಕ್ ಟರ್ನರ್ ಎಂಬ ಸಂಗೀತಗಾರನ ತಂಡ ಸೇರಿದಳು. 1960ರಲ್ಲಿ ಆಕೆಯ ದನಿಯಲ್ಲಿ ಮೊದಲ ಹಾಡು ಗೆದ್ದಾಗ ಅವನು ಆಕೆಯ ಹೆಸರನ್ನೇ ಬದಲಿಸಿದ. 'ಟೀನಾ ಟರ್ನರ್' ಎಂಬ ಹೆಸರನ್ನು ತನ್ನ ಸ್ವತ್ತಾಗಿ ನೋಂದಾಯಿಸಿಕೊಂಡ. ಈಕೆ ಬಿಟ್ಟುಹೋದರೆ ಇನ್ನೊಬ್ಬಳನ್ನು ಅದೇ ಹೆಸರಿನಲ್ಲಿ ನಿಲ್ಲಿಸಬಹುದಲ್ಲ! ಹಾಡುವವಳು ಇವಳು, ಕುಣಿಯುವವಳು ಇವಳು, ಜನ ಬರುವುದು ಇವಳಿಗಾಗಿ. ಹಣ ಮಾತ್ರ ಅವನ ಕೈಯಲ್ಲಿ. ಏಟು ತಿಂದು ದವಡೆ ಮುರಿದಿದ್ದಾಗಲೂ ವೇದಿಕೆ ಹತ್ತಿ ಹಾಡಬೇಕಾಯಿತೆಂದು ಆಕೆ ಮುಂದೆ ಹೇಳಿಕೊಂಡಿದ್ದಾಳೆ.

1976ರ ಜುಲೈನಲ್ಲಿ ಡಲ್ಲಾಸ್ ನಗರದ ಹೋಟೆಲಿನಲ್ಲಿ ಅವನು ಮಲಗಿದ್ದಾಗ ಆಕೆ ಎದ್ದು ನಡೆದಳು. ಕೈಯಲ್ಲಿ 36 ಸೆಂಟು, ಪೆಟ್ರೋಲಿನ ಒಂದು ಕಾರ್ಡು. ವಾಹನಗಳು ಓಡುವ ಹೆದ್ದಾರಿಯನ್ನು ದಾಟಿ ಇನ್ನೊಂದು ಹೋಟೆಲಿಗೆ ಹೋಗಿ ಆಶ್ರಯ ಕೇಳಿದಳು. 1978ರಲ್ಲಿ ವಿಚ್ಛೇದನವಾಯಿತು. ಹಾಡಿನ ಹಕ್ಕುಗಳಲ್ಲಿ ಪಾಲು ಬೇಡ, ಹೆಸರು ನನಗೆ ಬಿಡಿ ಎಂದಳು. ರದ್ದಾದ ಕಾರ್ಯಕ್ರಮಗಳ ಸಾಲವೂ ಆಕೆಯ ತಲೆಗೇ ಬಂತು. ಸೋದರಿಯರೇ, ಉಟ್ಟ ಸೀರೆಯಲ್ಲಿ ಹೊರಬಂದು, "ಒಡವೆ ಬೇಡ, ಪಾತ್ರೆ ಬೇಡ, ನನ್ನನ್ನು ಬಿಟ್ಟರೆ ಸಾಕು" ಎಂದವರು ನಮ್ಮ ಸಂಘಗಳಲ್ಲಿ ಎಷ್ಟು ಜನರಿಲ್ಲ? ಆಕೆ ಆ ಹೆಸರಿನಲ್ಲೇ ಮತ್ತೆ ದುಡಿದಳು. 1984ರಲ್ಲಿ, 44ನೇ ವಯಸ್ಸಿನಲ್ಲಿ, ಒಂಟಿಯಾಗಿ ಜಗತ್ತನ್ನೇ ಗೆದ್ದಳು.

ಕೀರ್ತಿ ಮಂದಿರ ಏನು ಮಾಡಿತು? ಆಕೆ 1981ರಲ್ಲಿ ಪತ್ರಿಕೆಗೆ, 1986ರಲ್ಲಿ ಪುಸ್ತಕದಲ್ಲಿ ತನ್ನ ಮೇಲಾದ ಹಿಂಸೆಯನ್ನೆಲ್ಲ ಹೇಳಿಯಾಗಿತ್ತು. ಆದರೂ 1991ರಲ್ಲಿ 'ಐಕ್ ಮತ್ತು ಟೀನಾ ಟರ್ನರ್' ಎಂದು ಜೋಡಿಯಾಗಿಯೇ ಸೇರಿಸಿಕೊಂಡರು. ಅವಳು ಬಿಟ್ಟುಬಂದ ಗಂಡನ ಜೊತೆಗೆ, ಅವನ ಹೆಸರು ಮುಂದೆ, ಇವಳದು ಹಿಂದೆ. ಅವನು ಆಗ ಮಾದಕ ವಸ್ತುವಿನ ಪ್ರಕರಣದಲ್ಲಿ ಜೈಲಿನಲ್ಲಿದ್ದ. ಆಕೆ ಸಮಾರಂಭಕ್ಕೆ ಹೋಗಲಿಲ್ಲ. ಟೀನಾ ಒಬ್ಬಳೇ, ತನ್ನ ಸ್ವಂತ ದುಡಿಮೆಗಾಗಿ ಅಲ್ಲಿ ಸೇರಿದ್ದು 2021ರಲ್ಲಿ. ಮೂವತ್ತು ವರ್ಷ ಬೇಕಾಯಿತು. ಆಗ ಆಕೆಗೆ 81 ವರ್ಷ. 2023ರ ಮೇ ತಿಂಗಳಿನಲ್ಲಿ ತೀರಿಕೊಂಡಳು.

1991ರ ಆ ಸಮಾರಂಭದಲ್ಲಿ ಇವರಿಬ್ಬರ ಪರವಾಗಿ ಗೌರವ ಸ್ವೀಕರಿಸಿದವನು ಯಾರು ಗೊತ್ತೆ? ಫಿಲ್ ಸ್ಪೆಕ್ಟರ್ ಎಂಬ ನಿರ್ಮಾಪಕ. 1989ರಲ್ಲೇ ಅವನೂ ಕೀರ್ತಿ ಮಂದಿರ ಸೇರಿದ್ದ. ಅವನ ಹೆಂಡತಿಯಾಗಿದ್ದ ರಾನಿ ಸ್ಪೆಕ್ಟರ್ ದೊಡ್ಡ ಗಾಯಕಿ. ಅವನು ತನ್ನನ್ನು ಮನೆಯಲ್ಲಿ ಕೂಡಿಹಾಕಿ, ಹಾಡುವುದನ್ನೂ ನಿಲ್ಲಿಸಿದ್ದ, 1972ರಲ್ಲಿ ತಾಯಿಯ ಸಹಾಯದಿಂದ ಬರಿಗಾಲಲ್ಲಿ ತಪ್ಪಿಸಿಕೊಂಡೆ ಎಂದು ಆಕೆ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಆಕೆಯ ತಂಡಕ್ಕೆ ಕೀರ್ತಿ ಮಂದಿರದಲ್ಲಿ ಜಾಗ ಸಿಕ್ಕಿದ್ದು 2007ರಲ್ಲಿ, ಗಂಡನಿಗಿಂತ 18 ವರ್ಷ ತಡವಾಗಿ. ಅಷ್ಟರಲ್ಲಿ, 2003ರಲ್ಲಿ, ಸ್ಪೆಕ್ಟರನ ಮನೆಯಲ್ಲಿ ಲಾನಾ ಕ್ಲಾರ್ಕ್‌ಸನ್ ಎಂಬ ನಟಿ ಗುಂಡೇಟಿಗೆ ಸತ್ತಿದ್ದಳು. 2009ರಲ್ಲಿ ನ್ಯಾಯಾಲಯ ಅವನನ್ನು ಕೊಲೆಗಾರನೆಂದು ತೀರ್ಮಾನಿಸಿತು. 2021ರಲ್ಲಿ ಅವನು ಕೈದಿಯಾಗಿಯೇ ಸತ್ತ. ಹೆಂಡತಿಯ ಮಾತನ್ನು 'ಮನೆ ವಿಷಯ' ಎಂದು ತಳ್ಳಿಹಾಕಿದರೆ ಮುಂದೆ ಏನಾಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಗುರು ಹೊರಗೆ, ಶಿಷ್ಯ ಒಳಗೆ

ಹೊಡೆದವರಿಗೆ ಬಾಗಿಲು ತೆರೆದಿದ್ದ ಕಾಲದಲ್ಲಿ ದುಡಿದ ಹೆಂಗಸರು ಎಲ್ಲಿದ್ದರು? ಸಿಸ್ಟರ್ ರೊಸೆಟಾ ಥಾರ್ಪ್ ಎಂಬಾಕೆ ವಿದ್ಯುತ್ ಗಿಟಾರನ್ನು ಹಿಡಿದು ದೇವರ ಹಾಡುಗಳನ್ನು ಹೊಸ ರೀತಿಯಲ್ಲಿ ಹಾಡಿದಳು. ಆಮೇಲೆ ಬಂದ ಗಂಡಸರು ಆಕೆಯಿಂದ ಕಲಿತರು. ಲಿಟಲ್ ರಿಚರ್ಡ್ ಎಂಬ ಹುಡುಗನನ್ನು 1947ರಲ್ಲಿ ವೇದಿಕೆಗೆ ಕರೆದು ಹಾಡಿಸಿದವಳು ಈಕೆಯೇ. ಆ ಹುಡುಗ 1986ರಲ್ಲಿ, ಮೊದಲ ತಂಡದಲ್ಲೇ ಕೀರ್ತಿ ಮಂದಿರ ಸೇರಿದ. ರೊಸೆಟಾ 1973ರಲ್ಲೇ ತೀರಿಹೋಗಿದ್ದಳು. ಬಹಳ ವರ್ಷ ಆಕೆಯ ಸಮಾಧಿಗೆ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ. ಆಕೆಯನ್ನು ಸೇರಿಸಿಕೊಂಡದ್ದು 2018ರಲ್ಲಿ. ಹಾಗೆಯೇ ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲಿ ಮೊದಲು ಹಾಡಿದ 'ಹೌಂಡ್ ಡಾಗ್' ಹಾಡನ್ನು 1956ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿ ಲೋಕಪ್ರಸಿದ್ಧನಾದ. ಅವನಿಗೆ 1986ರಲ್ಲಿ ಗೌರವ, ಆಕೆಗೆ 2024ರಲ್ಲಿ. ಆಕೆ ಸತ್ತು ಆಗಲೇ 40 ವರ್ಷವಾಗಿತ್ತು.

ಇದು ಕಣ್ತಪ್ಪಿನಿಂದ ಆದದ್ದಲ್ಲ. ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬನಾದ ಯಾನ್ ವೆನರ್ 2023ರಲ್ಲಿ ಸಂಗೀತಗಾರರ ಸಂದರ್ಶನಗಳ ಒಂದು ಪುಸ್ತಕ ತಂದ. ಅದರಲ್ಲಿದ್ದವರೆಲ್ಲ ಬಿಳಿಯ ಗಂಡಸರು. ಹೆಂಗಸರು ಯಾಕಿಲ್ಲ ಎಂದು ಪತ್ರಿಕೆಯವರು ಕೇಳಿದಾಗ, ಅಷ್ಟು ಆಳವಾಗಿ ಮಾತನಾಡಬಲ್ಲ ಹೆಂಗಸರಿಲ್ಲ ಎಂಬ ಅರ್ಥದ ಉತ್ತರ ಕೊಟ್ಟ. ಮರುದಿನವೇ ಅವನನ್ನು ಪ್ರತಿಷ್ಠಾನದ ಆಡಳಿತ ಮಂಡಳಿಯಿಂದ ತೆಗೆದುಹಾಕಿದರು. ಒಳ್ಳೆಯದು. ಆದರೆ ಮತದ ಪಟ್ಟಿಯನ್ನು ಇಷ್ಟು ವರ್ಷ ಯಾವ ಮನಸ್ಸು ಆಳಿತೆಂಬುದು ಆ ಒಂದು ಉತ್ತರದಲ್ಲಿ ಬಯಲಾಯಿತು.

ನಮ್ಮಲ್ಲೇನು ಬೇರೆಯೇ? ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ, ದೇವದಾಸಿ ಮನೆತನದ ವಿದುಷಿ, ತಿರುವಯ್ಯಾರಿನಲ್ಲಿ ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತನ್ನ ಸ್ವಂತ ಗಳಿಕೆಯಿಂದ ಗುಡಿ ಕಟ್ಟಿಸಿದರು. ಆದರೆ ಅಲ್ಲಿ ನಡೆಯುತ್ತಿದ್ದ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ನಾಗರತ್ನಮ್ಮ ಅಳುತ್ತಾ ಕೂರಲಿಲ್ಲ. ಹೆಂಗಸರ ಗುಂಪು ಕಟ್ಟಿ ಬೇರೆಯೇ ಆರಾಧನೆ ನಡೆಸಿದರು.

ಅವರ ವಾದ, ನನ್ನ ಉತ್ತರ

"ಆ ಕಾಲವೇ ಹಾಗಿತ್ತು" ಎನ್ನುತ್ತಾರೆ. ಸುಳ್ಳು. ಜೆರಿ ಲೀ ಲೂಯಿಸನ ಹೆಂಡತಿಯ ವಯಸ್ಸು 1958ರಲ್ಲಿ ಇಂಗ್ಲೆಂಡಿನಲ್ಲಿ ಬಯಲಾದಾಗ ಜನ ಛೀಮಾರಿ ಹಾಕಿದರು, ಅವನ ಪ್ರವಾಸ ಅರ್ಧಕ್ಕೇ ನಿಂತಿತು. ಆ ಕಾಲಕ್ಕೂ ಅದು ತಪ್ಪೆಂದು ಗೊತ್ತಿತ್ತು. ಮರೆತದ್ದು 1986ರಲ್ಲಿ.

"ಕೋರ್ಟಿನಲ್ಲಿ ಸಾಬೀತಾಗಿಲ್ಲ" ಎನ್ನುತ್ತಾರೆ. ಐಕ್ ಟರ್ನರ್ ಕೈ ಮಾಡಿದ್ದು ಹೌದೆಂದು ತನ್ನ ಆತ್ಮಕಥೆಯಲ್ಲಿ ತಾನೇ ಒಪ್ಪಿದ್ದಾನೆ. ಅದನ್ನು ಹಿಂಸೆ ಎಂದು ಕರೆಯಲು ಮಾತ್ರ ಒಪ್ಪಲಿಲ್ಲ. ಜೈಲಿಗೆ ಕಳಿಸಲು ಸಾಕ್ಷಿ, ಪುರಾವೆ ಬೇಕು, ಸರಿ. ಆದರೆ ಹಾರ ಹಾಕದೆ ಇರುವುದು ಶಿಕ್ಷೆಯಲ್ಲ. ಸನ್ಮಾನ ಯಾರ ಹಕ್ಕೂ ಅಲ್ಲ, ಅದು ಸಮಾಜ ತಾನಾಗಿ ಕೊಡುವ ಗೌರವ. ಕೊಡುವವರಿಗೆ ಯೋಚಿಸುವ ಜವಾಬ್ದಾರಿ ಇದೆ.

"ಹೀಗೆ ಆರಿಸುತ್ತಾ ಹೋದರೆ ಯಾರೂ ಉಳಿಯುವುದಿಲ್ಲ, ಚರಿತ್ರೆಯೇ ಅಳಿಸಿಹೋಗುತ್ತದೆ" ಎನ್ನುತ್ತಾರೆ. ನಮ್ಮ ಚಳವಳಿಯ ಗೆಳತಿಯರಲ್ಲೂ ಕೆಲವರು ಇದಕ್ಕೆ ವಿರುದ್ಧವಾಗಿ, ಅಂಥವರ ಹಾಡನ್ನೇ ಕೇಳಬಾರದು ಎನ್ನುತ್ತಾರೆ. ನಾನು ಎರಡನ್ನೂ ಒಪ್ಪುವುದಿಲ್ಲ. ಚರಿತ್ರೆ ಬೇರೆ, ಹಾರ ಬೇರೆ. ಐಕ್ ಟರ್ನರ್ ಬಾರಿಸಿದ ಗಿಟಾರು ಚರಿತ್ರೆಯಲ್ಲಿ ಇರಲಿ, ಪುಸ್ತಕದಲ್ಲಿ ಇರಲಿ, ಕೇಳುವವರು ಕೇಳಲಿ. ಆ ಹಾಡಿನಲ್ಲಿ ಟೀನಾಳ ಬೆವರೂ ಇದೆ, ಅದನ್ನು ಕೇಳಬೇಡಿ ಎಂದರೆ ಅವಳ ದುಡಿಮೆಯನ್ನೂ ಹೂತಂತೆ. ಆದರೆ ವೇದಿಕೆಗೆ ಕರೆದು, ಎದ್ದು ನಿಂತು ಚಪ್ಪಾಳೆ ತಟ್ಟಿ, "ಇವನು ನಮ್ಮ ಹೆಮ್ಮೆ" ಎನ್ನುವುದು ಬೇಡ. ಈಗಾಗಲೇ ಸೇರಿಸಿದವರ ಹೆಸರಿನ ಪಕ್ಕದಲ್ಲಿ ನಡೆದದ್ದನ್ನೂ ಬರೆಯಲಿ: ಮದುವೆಯಾದಾಗ ಹುಡುಗಿಗೆ 13 ವರ್ಷ, ಈ ನಿರ್ಮಾಪಕ ಕೊಲೆ ಅಪರಾಧಿ, ಈ ಗಾಯಕಿ 36 ಸೆಂಟು ಹಿಡಿದು ಓಡಿಬಂದಳು.

"ಶ್ರೀಮಂತ ಗಾಯಕಿಯರ ಕಥೆ ನಮಗ್ಯಾಕೆ?" ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಸನ್ಮಾನ ಸಣ್ಣ ವಿಷಯವಲ್ಲ ಎಂಬುದಕ್ಕಾಗಿ. ಹೆಂಡತಿಯನ್ನು ಹೊಡೆಯುವವನಿಗೆ ಜಾತ್ರೆಯಲ್ಲಿ, ರಾಜ್ಯೋತ್ಸವದಲ್ಲಿ ಶಾಲು ಹೊದಿಸಿದಾಗ, ಮನೆಯಲ್ಲಿ ಏಟು ತಿನ್ನುವವಳಿಗೆ ಊರು ಒಂದು ಸಂದೇಶ ಕೊಡುತ್ತದೆ: ನೀನು ದೂರು ಕೊಟ್ಟರೆ ನಾವು ಅವನ ಕಡೆ. ಆಕೆ ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ಸೋತಿರುತ್ತಾಳೆ. ಕಾನೂನು ನಮ್ಮ ಬಳಿ ಇದೆ. 498-ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿ ಮುಂದುವರಿದಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮನೆಯಲ್ಲಿ ಉಳಿಯುವ ಹಕ್ಕಿದೆ, ಸ್ತ್ರೀಧನವನ್ನು ವಾಪಸು ಕೇಳುವ ಹಕ್ಕಿದೆ. ಟೀನಾಳಂತೆ ಎಲ್ಲವನ್ನೂ ಬಿಟ್ಟು ಬರಬೇಕಾಗಿಲ್ಲ. ಆದರೆ ಊರಿನ ಶಾಲು ಅವನ ಹೆಗಲ ಮೇಲಿರುವಾಗ ಈ ಕಾನೂನನ್ನು ಬಳಸುವ ಧೈರ್ಯ ಎಲ್ಲಿಂದ ಬರಬೇಕು?

ಆದ್ದರಿಂದ ನಿಮ್ಮ ಮುಂದಿನ ವಾರದ ಸಭೆಯಲ್ಲಿ, ಉಳಿತಾಯದ ಲೆಕ್ಕ ಮುಗಿದ ಮೇಲೆ, ಇದನ್ನು ಚರ್ಚಿಸಿ. ನಿಮ್ಮೂರಿನಲ್ಲಿ ಸನ್ಮಾನದ ಪಟ್ಟಿ ತಯಾರಾಗುವಾಗ ಸಂಘದಿಂದ ಇಬ್ಬರು ಹೋಗಿ ಕುಳಿತುಕೊಳ್ಳಿ. ಎರಡು ಪ್ರಶ್ನೆ ಕೇಳಿ: ಇವನ ಮನೆಯ ಹೆಂಗಸರನ್ನು ಯಾರಾದರೂ ಮಾತನಾಡಿಸಿದಿರಾ? ಈ ಕೆಲಸ ಮಾಡಿದ ಹೆಂಗಸರ ಹೆಸರು ಪಟ್ಟಿಯಲ್ಲಿ ಎಲ್ಲಿ? ಉತ್ತರ ಬರುವವರೆಗೆ ಏಳಬೇಡಿ.